ಹೊಳೆಯಾಚೆಗೆ ಹೋದ ಮಂಜೂರಿ

ಶಾಸನಸಭೆಯಲ್ಲಿ ಕೇಳಲೆಂದು ನಾನು ಬರೆದುಕೊಟ್ಟ ಮೊದಲ ಪ್ರಶ್ನೆ ನನ್ನ ಕೈಗೇ ಮರಳಿ ಬಂತು. ಮೇಲ್ಗಡೆ ಕೆಂಪು ಶಾಯಿಯಲ್ಲಿ ಉರ್ದುವಿನ ಒಂದು ಸಾಲು. ಉರ್ದು ನನ್ನ ಕಿವಿಗೆ ಗೊತ್ತು, ಬಾಯಿಗೂ ತಕ್ಕಮಟ್ಟಿಗೆ ಗೊತ್ತು, ಕಣ್ಣಿಗೆ ಮಾತ್ರ ಗೊತ್ತಿಲ್ಲ. ಪಕ್ಕದ ಪೀಠದಲ್ಲಿ ಔರಾದ ಕಡೆಯಿಂದ ಗೆದ್ದು ಬಂದ ಹಿರಿಯ ಸದಸ್ಯರು ಕೂತಿದ್ದರು. ತಲೆಗೆ ಬಿಳಿ ಪಟಕ, ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಯಾವಾಗಲೂ ಹುರಿದ ಕಡಲೆ. ಕಾಗದವನ್ನು ಅವರ ಕಡೆ ಸರಿಸಿದೆ.

ಓದಿ ಮೀಸೆಯಲ್ಲೇ ನಕ್ಕರು. "ಪ್ರಶ್ನಿ ಒಳಗ ವಾದ ಇರಬಾರದು ಅಂತ ಬರದಾರ ನೋಡ್ರಿ ಬಾಯೋರ. ನೀವು ಪ್ರಶ್ನಿ ಕೇಳಿಲ್ಲ, ಜಗಳ ತಗದೀರಿ."

ಅವರು ಹೇಳಿದ್ದು ಸುಳ್ಳಲ್ಲ. 'ಭಾಲ್ಕಿಯ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಿರುವುದು ಸರ್ಕಾರಕ್ಕೆ ಕಾಣುವುದಿಲ್ಲವೇ? ಮಂತ್ರಿಗಳನ್ನು ಯಾರೂ ಹೆತ್ತಿಲ್ಲವೇ?' ಎಂದು ಬರೆದಿದ್ದೆ. ಬರೆಯುವಾಗ ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಅದು ಹೈದರಾಬಾದ ಸಂಸ್ಥಾನದ ಕಡೆಗಾಲ. ನಿಜಾಮರ ದರಬಾರು ಮುಗಿದಿತ್ತು. ಆದರೂ ಅವರು ರಾಜಪ್ರಮುಖರೆಂಬ ಹೆಸರಿನಲ್ಲಿ ಇನ್ನೂ ಇದ್ದರು, ಕಚೇರಿಗಳಲ್ಲಿ ಕಾಗದಗಳು ಹಳೆಯ ಚಾಳಿಯಲ್ಲೇ ನಡೆಯುತ್ತಿದ್ದವು. ಮೊದಲ ಸಲ ಹೆಣ್ಣು ಗಂಡೆನ್ನದೆ ಎಲ್ಲರಿಗೂ ಓಟು ಬಂದಿತ್ತು. ಭಾಲ್ಕಿಯಿಂದ ನಿಲ್ಲಬೇಕಾಗಿದ್ದವರು ನಮ್ಮ ಯಜಮಾನರು. ಕೊನೆ ಗಳಿಗೆಯಲ್ಲಿ ವಕೀಲಿ ಬಿಡಲಾರೆ ಎಂದುಬಿಟ್ಟರು. ಪಕ್ಷದವರು ನನ್ನ ಮುಖ ನೋಡಿದರು, ನಾನು ನಿಂತೆ, ಗೆದ್ದೂ ಬಿಟ್ಟೆ.

ನಾನು ಮೊದಲಿನಿಂದಲೂ ಕೂತಲ್ಲಿಂದಲೇ ಎಲ್ಲಿಗೋ ಹೋಗಿಬಿಡುವವಳು. ಒಲೆಯ ಮುಂದೆ ಕೂಡಿಸಿದರೆ ರೊಟ್ಟಿ ಸೀಯುತ್ತಿತ್ತು, ಹೊಲಕ್ಕೆ ಕಳಿಸಿದರೆ ಹಕ್ಕಿ ತೆನೆ ತಿನ್ನುತ್ತಿದ್ದವು. ಅಂಥವಳನ್ನು ತಂದು ಆ ಎತ್ತರದ ಚಾವಣಿಯ ಸಭೆಯಲ್ಲಿ ಕೂಡಿಸಿದ್ದರು. ಪಂಖಗಳು ನಿಧಾನ ತಿರುಗುತ್ತಿದ್ದವು. ಒಬ್ಬರು ತೆಲುಗಿನಲ್ಲಿ, ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ಉರ್ದುವಿನಲ್ಲಿ ಮಾತಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಭಾಷೆಗಳೆಲ್ಲ ಕಲೆತು ನನ್ನ ಕಿವಿಯಲ್ಲಿ ನೀರಿನ ಸದ್ದಾಗುತ್ತಿದ್ದವು. ನಾನು ಸಭೆಯಲ್ಲಿ ಇರುತ್ತಿರಲಿಲ್ಲ. ಠಾಣಾ ಕುಶನೂರಿನ ನನ್ನ ತವರಿನಿಂದ ಭಾಲ್ಕಿಯ ಅತ್ತೆಮನೆಗೆ ಬರುವ ದಾರಿಯಲ್ಲಿ, ಮಾಂಜರಾ ಹೊಳೆಯ ದಂಡೆಯಲ್ಲಿ, ಗಾಡಿ ನಿಲ್ಲಿಸಿಕೊಂಡು ಕೂತಿರುತ್ತಿದ್ದೆ. ಬಿಸಿಲು, ಮರಳು, ಎತ್ತಿನ ಕೊರಳ ಗಂಟೆ. ಯಾರಾದರೂ ಮೇಜು ಗುದ್ದಿದಾಗ ಎಚ್ಚರವಾಗುತ್ತಿತ್ತು.

ಪ್ರಶ್ನೆ ಬರೆಯುವುದನ್ನು ಸಭೆಯ ಕಚೇರಿಯ ಗುಮಾಸ್ತರೊಬ್ಬರು ಕಲಿಸಿಕೊಟ್ಟರು. ಪ್ರಶ್ನೆಯಲ್ಲಿ ಸಿಟ್ಟು ಇರಬಾರದು, ಅಭಿಪ್ರಾಯ ಇರಬಾರದು, ಮಂತ್ರಿಗಳ ತಾಯಿಯಂತೂ ಇರಲೇಬಾರದು. ಸೋಸಿ ಸೋಸಿ ಕೊನೆಗೆ ಉಳಿದದ್ದು ಇಷ್ಟು: ಭಾಲ್ಕಿಯಲ್ಲಿ ಸರ್ಕಾರಿ ಹೆರಿಗೆ ಮನೆ ಇದೆಯೇ? ಇಲ್ಲದಿದ್ದರೆ ತೆರೆಯುವ ಯೋಚನೆ ಇದೆಯೇ? ಇದ್ದರೆ ಯಾವಾಗ? ಪಕ್ಕದಲ್ಲಿ ಒಂದು ಚುಕ್ಕಿ ಹಾಕಲು ಹೇಳಿದರು. ಚುಕ್ಕಿ ಇದ್ದರೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಆಮೇಲೆ ನಾವು ಉಪಪ್ರಶ್ನೆ ಕೇಳಬಹುದು. ಚುಕ್ಕಿ ಇಲ್ಲದಿದ್ದರೆ ಉತ್ತರ ಕಾಗದದಲ್ಲಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ಚುಕ್ಕಿಯನ್ನು ನಾನು ಕುಂಕುಮ ಇಟ್ಟಷ್ಟು ಜೋಪಾನದಿಂದ ಇಟ್ಟೆ.

ಆರೋಗ್ಯ ಮಂತ್ರಿಗಳು ಎದ್ದರು. ತೆಳ್ಳಗಿನ, ಮೃದುವಾಗಿ ಮಾತಾಡುವ ಮನುಷ್ಯ. "ಜೇರೆ ಗೌರ್ ಹೈ" ಎಂದರು, ಕೂತರು. ವಿಚಾರದಲ್ಲಿದೆ ಎಂದರ್ಥ. ನಾನೂ ಕೂತುಬಿಟ್ಟೆ.

ಔರಾದದ ಹಿರಿಯರು ಮೊಣಕೈಯಿಂದ ತಿವಿದರು. "ಕೂಡಬ್ಯಾಡ್ರಿ! ಏಳ್ರಿ, ಉಪಪ್ರಶ್ನಿ ಹಾಕ್ರಿ."

"ಏನಂತ ಹಾಕಲಿರಿ?"

"ಏನರ ಹಾಕ್ರಿ, ಬಿಡಬ್ಯಾಡ್ರಿ."

ಎದ್ದೆ. "ವಿಚಾರ ಯಾವಾಗಿನಿಂದ ನಡೆದಿದೆ?" ಎಂದು ಉರ್ದುವಿನಲ್ಲೇ ಕೇಳಿದೆ. ಮಂತ್ರಿಗಳು ಹಿಂದೆ ಕೂತ ಅಧಿಕಾರಿಗಳ ಕಡೆ ತಿರುಗಿದರು. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಸಭೆ ನಕ್ಕಿತು. ಆ ನಗುವಿನಿಂದಲೇ ನನ್ನ ಕೆಲಸ ಶುರುವಾಯಿತು.

ಆಮೇಲೆ ಮಂತ್ರಿಗಳ ಮನೆಯ ವರಾಂಡ, ಇಲಾಖೆಯ ದಫ್ತರ, ಮತ್ತೆ ವರಾಂಡ. ಹೆಂಗಸು ಕಾಯುತ್ತ ಕೂತರೆ ಗಂಡಸರಿಗೆ ಇರುಸುಮುರುಸಾಗುತ್ತದೆ ಎಂಬುದನ್ನು ಬೇಗ ಕಂಡುಕೊಂಡೆ. ಕಸೂತಿ ಬಟ್ಟೆ ಹಿಡಿದುಕೊಂಡು ಹೋಗಿ ಕೂಡುತ್ತಿದ್ದೆ. ಒಂದು ದಿನ ಮಂತ್ರಿಗಳು, "ಬಾಯಿ ಸಾಹೇಬರ ಹೂವು ಮುಗಿಯುವುದರೊಳಗೆ ಏನಾದರೂ ಮಾಡಿ" ಎಂದು ಕಾರ್ಯದರ್ಶಿಗೆ ಹೇಳಿದರಂತೆ. ಆ ಸಲ ಇಡೀ ಬೀದರ ಜಿಲ್ಲೆಗೆ ಒಂದೇ ಒಂದು ಹೊಸ ಹೆರಿಗೆ ಮನೆ ಮಂಜೂರಾಯಿತು. ಒಂದು ಕೋಣೆ, ತರಬೇತಿ ಪಡೆದ ಒಬ್ಬ ನರ್ಸು, ಒಂದು ಪೆಟ್ಟಿಗೆ ಸಾಮಾನು. ಜಾಗ: ಭಾಲ್ಕಿ.

ಅಧಿವೇಶನದ ನಡುವಿನ ಬಿಡುವಿಗೆ ರೈಲು ಹತ್ತಿ ಊರಿಗೆ ಹೊರಟೆ. ಬೀದರ ದಾಟಿ ಹಲಬರ್ಗಾ ಬರುವ ಹೊತ್ತಿಗೆ ಬೆಳಗು. ಕೆಂಪು ನೆಲ ಮುಗಿದು ಕಪ್ಪು ನೆಲ ಸುರುವಾಗುತ್ತಿತ್ತು. ಕಿಟಕಿಗೆ ತಲೆ ಆನಿಸಿ, ಇನ್ನೂ ಕಟ್ಟದ ಆ ಕೋಣೆಯೊಳಗೆ ಓಡಾಡಿದೆ. ಸುಣ್ಣದ ವಾಸನೆ ಬಂತು, ಕೂಸಿನ ಅಳು ಕೇಳಿಸಿತು. ಜೀವನದಲ್ಲಿ ಅಷ್ಟು ಖುಷಿಯಾಗಿ ನಾನು ಯಾವ ರೈಲಿನಲ್ಲೂ ಕೂತಿಲ್ಲ.

ಭಾಲ್ಕಿ ಸ್ಟೇಷನ್ನಿಗೆ ಜನರನ್ನು ಕರೆತಂದವರು ನಮ್ಮ ಪಕ್ಕದ ಮನೆಯ ಕಾಕು. ಕಾಕು ಎಂದರೆ ಚಿಕ್ಕಮ್ಮ. ರಕ್ತಸಂಬಂಧವಿಲ್ಲ, ಆದರೆ ಎರಡೂ ಮನೆಗಳ ನಡುವಿನ ಮೋಟುಗೋಡೆಯ ಮೇಲೆ ದಿನಾ ಪಲ್ಯದ ಬಟ್ಟಲು ಓಡಾಡುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ಒಂಟಿ ಕೈಯಲ್ಲಿ ನಡೆಸಿದವರು. ಚುನಾವಣೆಯಲ್ಲಿ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋಗಿ, ಅತ್ತೆಯಂದಿರನ್ನು ಮುಂದೆ ಕೂಡಿಸಿಕೊಂಡು, ಬಾಗಿಲ ಮರೆಯ ಸೊಸೆಯಂದಿರನ್ನು "ಏನು ಬೇಕು ಹೇಳ್ರೇ" ಎಂದು ಕೇಳಿದವರು ಅವರೇ. ಸೊಸೆಯಂದಿರು ಬಾಗಿಲ ಮರೆಯಿಂದಲೇ ಹೇಳಿದ್ದರು: ಹೆರಿಗೆಗೆ ಒಂದು ದವಾಖಾನೆ. ನನ್ನ ಪ್ರಶ್ನೆ ಹುಟ್ಟಿದ್ದು ಆ ಬಾಗಿಲುಗಳ ಮರೆಯಲ್ಲಿ.

"ತಂದಿ ಬಿಡು ನಮ್ಮವ್ವಾ," ಎಂದು ಕಾಕು ನನ್ನ ಗಲ್ಲ ಹಿಂಡಿದರು. "ಗಂಡಸರು ಇಷ್ಟು ದಿನ ಏನು ತಂದಾರ, ಹಾರ ಹಾಕಿಸ್ಕೊಂಡು ಬಂದಾರ ಅಷ್ಟೇ."

ಆ ವಾರವೇ ಕಾಕುವಿನ ಬಸುರಿ ಸೊಸೆಗೆ ಕುಬಸ. ಹುಡುಗಿ ನಮ್ಮ ಠಾಣಾ ಕುಶನೂರಿನವಳು, ನಾನೇ ನಡುವೆ ನಿಂತು ಮಾಡಿಸಿದ ಸಂಬಂಧ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿದ್ದರು. ಹೊರಗೆ ತವರಿನ ಗಾಡಿ ಬಂದು ನಿಂತಿತ್ತು. ನಾನು ಉಡಿ ತುಂಬಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನಮ್ಮ ಹೊಸ ದವಾಖಾನ್ಯಾಗ ಮೊದಲನೇ ಹೆರಿಗಿ ನಿಂದೇ ನೋಡವ್ವಾ."

ಹುಡುಗಿ ತಲೆ ಎತ್ತಿದಳು. "ನಾ ಕುಶನೂರಾಗ ಇರ್ತೇನಲ್ರಿ ಅಕ್ಕಾ," ಎಂದಳು.

ಕಾಕು ನಕ್ಕರು. "ಚೊಚ್ಚಲ ಹೆರಿಗಿ ತವರಾಗೇ ಅಲ್ಲೇನು? ಎಮ್ಮೆಲ್ಲೆ ಆದ ಮ್ಯಾಲ ಅದೂ ಮರ್ತಿ ಏನ? ಹೊಳಿ ಬಂತಂದ್ರ ದಾಟ್ಲಾಕ ಆಗಲ್ಲ ಅಂತ ಈಗೇ ಗಾಡಿ ತಂದಾರ."

ಪಡಸಾಲೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆರತಿ ಮುಗಿಯಿತು. ಗಾಡಿ ಹೊರಟಿತು. ಅದು ಓಣಿಯ ಕೊನೆಯಲ್ಲಿ ಉತ್ತರಕ್ಕೆ ತಿರುಗುವುದನ್ನು ನೋಡುತ್ತ ಬಾಗಿಲಲ್ಲಿ ನಿಂತೆ.

ಒಳಗಿದ್ದ ಸೊಸೆಯಂದಿರನ್ನು ಒಬ್ಬೊಬ್ಬರಾಗಿ ಕೇಳಿದೆ, ನಿನ್ನ ತವರು ಯಾವುದು, ನಿನ್ನದು ಯಾವುದು. ಬಾಗಿಲ ಮರೆಯಿಂದ ದವಾಖಾನೆ ಕೇಳಿದವರೇ ಅವರು. ಬಹಳ ಮಂದಿಯ ತವರು ಹೊಳೆಯಾಚೆ. ನಮ್ಮ ಕಡೆಯವರು ಔರಾದ ಸೀಮೆಯಿಂದ ಹೆಣ್ಣು ತರುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಭಾಲ್ಕಿಯ ಮಗಳು ಹೆರಿಗೆಗೆ ತವರಿಗೆ ಬಂದರೆ ಅವಳಿಗೆ ರೈಲು ಇದೆ, ಕಷ್ಟವಾದರೆ ಬೀದರಿನ ದೊಡ್ಡ ದವಾಖಾನೆ ಇದೆ. ಹೊಳೆಯಾಚೆಗೆ ಹೋದವಳಿಗೆ ಮಳೆಗಾಲದಲ್ಲಿ ತುಂಬಿದ ಮಾಂಜರಾ ಬಿಟ್ಟರೆ ಬೇರೇನೂ ಇಲ್ಲ. ಬಸುರಿಯರು ಆಚೆ ದಂಡೆಯಲ್ಲಿ, ಅವರಿಗಾಗಿ ತಂದ ನರ್ಸು ಈಚೆ ದಂಡೆಯಲ್ಲಿ. ಪಕ್ಷದವರಿಗೆ, ಇಲಾಖೆಗೆ, ಕಾಕುವಿಗೆ, ಯಾರಿಗೂ ಇದು ಹೊಳೆದಿರಲಿಲ್ಲ. ಹೆಂಗಸು ಎಲ್ಲಿ ಬಾಳುತ್ತಾಳೋ ಅಲ್ಲಿಯ ಓಟು, ಓಟು ಎಲ್ಲಿಯದೋ ಅಲ್ಲಿಗೆ ದವಾಖಾನೆ, ಅಷ್ಟೇ ನಮ್ಮ ಲೆಕ್ಕ.

ಬೇರೆಯವರಿಗೆ ಹೊಳೆಯದಿದ್ದರೆ ಹೋಗಲಿ. ನನ್ನ ಚೊಚ್ಚಲು ಮಗು ಹುಟ್ಟಿದ್ದೂ ಕುಶನೂರಿನಲ್ಲೇ, ಹೊಳೆ ತುಂಬಿದ ದಿನಗಳಲ್ಲಿ. ಗಂಡು ಮಗು. ಉಸಿರಾಡಲೇ ಇಲ್ಲ. ಆಗ ನಮ್ಮ ಯಜಮಾನರು ಬೀದರಿನ ನರ್ಸೊಬ್ಬಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಈಚೆ ದಂಡೆಯಲ್ಲಿ ನೀರು ಇಳಿಯಲೆಂದು ಕಾಯುತ್ತ ನಿಂತಿದ್ದರಂತೆ. ಆ ನೀರನ್ನು ನಾನು ಮನಸ್ಸಿನಿಂದ ಎಷ್ಟು ದೂರ ಇಟ್ಟಿದ್ದೆನೆಂದರೆ, ಸಭೆಯಲ್ಲಿ ಕೂತು ಕನಸು ಕಾಣುವಾಗಲೂ ನನ್ನ ಮಾಂಜರಾದಲ್ಲಿ ಯಾವಾಗಲೂ ಬೇಸಿಗೆ.

ಹೈದರಾಬಾದಿಗೆ ಮರಳಿದ ಮೇಲೆ ಪಕ್ಷದ ಸಚೇತಕರನ್ನು ಕಂಡೆ. ಯಾರು ಯಾವಾಗ ಏನು ಮಾತಾಡಬೇಕು ಎಂಬುದು ಅವರ ಕೈಯಲ್ಲಿತ್ತು. ಆರೋಗ್ಯ ಇಲಾಖೆಯ ಅನುದಾನದ ಬೇಡಿಕೆಯ ಮೇಲೆ ಚರ್ಚೆ ಬರುವುದಿತ್ತು. ನನಗೆ ನಾಲ್ಕು ಮಾತು ಕೃತಜ್ಞತೆ ಹೇಳಲು ಸಮಯ ಕೊಟ್ಟಿದ್ದರು. ಜಾಗವನ್ನು ಕುಶನೂರಿಗೆ ಬದಲಿಸಬೇಕು ಎಂದದ್ದೇ ತಡ, ಎರಡೂ ಕೈ ಎತ್ತಿದರು. "ನಕ್ಕೋ ಬಾಯಿ ಸಾಹೇಬ, ನಕ್ಕೋ!" ಬೇಡವೇ ಬೇಡ ಎಂದರು. ಮಂಜೂರಿಯಲ್ಲಿ ಭಾಲ್ಕಿ ಎಂದಿದೆ. ಬೇಡ ಎಂದರೆ ಕಡತ ಬುಡದಿಂದ ಶುರು. ಅಷ್ಟರಲ್ಲಿ ಬೇರೆ ಜಿಲ್ಲೆಯವರು ಕಾದು ಕೂತಿದ್ದಾರೆ, ಎತ್ತಿಕೊಂಡು ಹೋಗುತ್ತಾರೆ. ಎಲ್ಲಕ್ಕಿಂತ ಮೇಲಾಗಿ ಕುಶನೂರು ನನ್ನ ಕ್ಷೇತ್ರವೇ ಅಲ್ಲ. ಔರಾದದವರಿಗೆ ನಾನೇಕೆ ಉಡುಗೊರೆ ಕೊಡಬೇಕು? ಅದೂ ನನ್ನ ತವರು. ಜನ ಏನನ್ನುತ್ತಾರೆ?

ಅವರು ಹೇಳಿದ ಪ್ರತಿಯೊಂದು ಮಾತೂ ಸರಿಯಾಗಿತ್ತು. ಅದೇ ಕಷ್ಟ. ಕೇಳಿದರೆ ಎರಡೂ ದಂಡೆಗೆ ಇಲ್ಲವಾಗಬಹುದು. ಕೇಳದಿದ್ದರೆ ಆ ಹಸಿರು ಬಳೆಯ ಹುಡುಗಿ ಮಳೆಗಾಲದಲ್ಲಿ ಆಚೆ ಇರುತ್ತಾಳೆ, ನನ್ನ ಹಾಗೆ.

ಚರ್ಚೆಯ ದಿನ ಯಜಮಾನರು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಉರ್ದು ಭಾಷಣ ನನ್ನ ಕೈಯಲ್ಲಿತ್ತು. ಶುಕ್ರಿಯಾ ಎಂಬ ಮಾತೇ ಸಾಲು ಸಾಲಿಗೆ ಬರುತ್ತಿತ್ತು. ನನ್ನ ಹೆಸರು ಕರೆದರು. ಎದ್ದೆ. ಪಂಖಗಳ ಗಾಳಿಗೆ ಕಾಗದ ಅಲ್ಲಾಡಿತು. ಮತ್ತೆ ನೀರಿನ ಸದ್ದು ಕೇಳಿಸಿತು. ಈ ಸಲ ಅದು ಮಳೆಗಾಲದ ನೀರು, ಕಂದು ಬಣ್ಣದ್ದು, ಬೇರು ಸಮೇತ ಮರಗಳನ್ನು ತೇಲಿಸಿಕೊಂಡು ಹೋಗುತ್ತಿತ್ತು. ಎಷ್ಟು ಹೊತ್ತು ನೋಡುತ್ತ ನಿಂತೆನೋ ತಿಳಿಯದು. ಸಭಾಧ್ಯಕ್ಷರು "ಸದಸ್ಯರು ಮಾತಾಡಬಹುದು" ಎಂದು ಎರಡನೆಯ ಸಲ ಹೇಳಿದರೆಂದು ಆಮೇಲೆ ಯಾರೋ ಹೇಳಿದರು.

ಕಾಗದ ಮಡಚಿ ಇಟ್ಟೆ. ನನ್ನ ಹರಕು ಉರ್ದುವಿನಲ್ಲೇ ಹೇಳಿದೆ. ನಮ್ಮಲ್ಲಿ ಹೆಣ್ಣು ಬಾಳುವುದು ಒಂದು ಊರಲ್ಲಿ, ಮೊದಲ ಸಲ ಹೆರುವುದು ಇನ್ನೊಂದು ಊರಲ್ಲಿ. ನಡುವೆ ಹೊಳೆ. ನಾನು ಬಾಳುವ ಊರಿಗೆ ನರ್ಸು ಕೇಳಿದೆ, ನೀವು ದಯಮಾಡಿ ಕೊಟ್ಟಿರಿ. ಆದರೆ ಹೆರುವವಳು ಅಲ್ಲಿಲ್ಲ. ಹೆರುವವಳು ಎಲ್ಲಿದ್ದಾಳೋ ಅಲ್ಲಿಗೆ, ಕುಶನೂರಿಗೆ ಕಳಿಸಿ. ಮಳೆ ಬರುವುದರೊಳಗೆ ಕಳಿಸಿ.

ಮಂತ್ರಿಗಳು ಕನ್ನಡಕ ತೆಗೆದರು. ಕುಶನೂರು ತಮ್ಮ ಕ್ಷೇತ್ರದಲ್ಲಿ ಇಲ್ಲವೆಂಬುದು ಸದಸ್ಯರಿಗೆ ಗೊತ್ತಿದೆಯೇ ಎಂದು ಕೇಳಿದರು.

"ಗೊತ್ತಿದೆ."

"ಭಾಲ್ಕಿಯ ಮತದಾರರಿಗೆ ಏನು ಹೇಳುತ್ತೀರಿ?"

"ನಿಮ್ಮ ಸೊಸೆಯಂದಿರು ಅಲ್ಲಿದ್ದಾರೆ ಎಂದು ಹೇಳುತ್ತೇನೆ."

ಸಭೆ ನಕ್ಕಿತು. ಮಂತ್ರಿಗಳೂ ನಕ್ಕರು. ಆಮೇಲೆ ಗಂಭೀರವಾಗಿ, "ಜೇರೆ ಗೌರ್" ಎಂದು ಕೂತರು. ನಾನೂ ಕೂತೆ. ಔರಾದದ ಹಿರಿಯರು ಒಂದು ಹಿಡಿ ಕಡಲೆ ನನ್ನ ಮುಂದೆ ಇಟ್ಟರು.

ಸುದ್ದಿ ನನಗಿಂತ ಮುಂಚೆ ಭಾಲ್ಕಿಗೆ ಹೋಯಿತು. ಈ ಸಲ ಸ್ಟೇಷನ್ನಿಗೆ ಯಾರೂ ಬರಲಿಲ್ಲ. ಗೋಡೆಯ ಮೇಲೆ ಬಟ್ಟಲೂ ಬರಲಿಲ್ಲ. ನಾನೇ ಹೋಗಿ ಕಾಕುವಿನ ಪಡಸಾಲೆಯಲ್ಲಿ ನಿಂತೆ. ಅವರು ಜೋಳ ಹಸನು ಮಾಡುತ್ತಿದ್ದರು. ಕೈಯಲ್ಲಿದ್ದ ಮೊರದಿಂದ ಕಣ್ಣೆತ್ತಲಿಲ್ಲ.

"ಸೊಸಿ ಅಂದ್ರ ಸೊಸೀನೇ," ಎಂದರು. "ಅತ್ತಿಮನ್ಯಾಗಿಂದು ತವರಿಗಿ ಒಯ್ದಿ. ಬಿಸಲಾಗ ನಿನ್ನ ಸಂಗಟ ಮನಿ ಮನಿ ತಿರುಗ್ದಾಕಿ ನಾ. ನಾಳಿ ಆ ಜನಕ್ಕ ಯಾವ ಮಾರಿ ತೋರಸ್ಲಿ?"

"ಕಾಕು, ನಿಮ್ಮ ಸೊಸಿ ಸಲುವಾಗೇ ರಿ—"

"ನನ್ನ ಸೊಸಿ ಹೆಸರು ತೆಗಿಬ್ಯಾಡ. ನಾವೆಲ್ಲ ಹಡದಿಲ್ಲೇನು?"

ಮನೆಗೆ ಬಂದು ಅತ್ತುಬಿಟ್ಟೆ. ಯಜಮಾನರು ಹುಕ್ಕಾ ಬದಿಗಿಟ್ಟು, "ನಿನ್ನ ಕೇಸು ಗಟ್ಟಿ ಅದ," ಎಂದರು. "ಆದ್ರ ಜಡ್ಜು ಇದ್ದವರು ನಿನ್ನ ಅತ್ತಿಮನಿ ಮಂದಿ. ಗೆಲ್ಲಲ್ಲ." ಹುಕ್ಕಾ ಮತ್ತೆ ಕೈಗೆತ್ತಿಕೊಂಡು ಮೆಲ್ಲಗೆ, "ನಾನೂ ಅವತ್ತು ದಂಡಿ ಮ್ಯಾಗ ನಿಂತಿದ್ದೆ," ಎಂದರು. ಆ ವಿಷಯವನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಆಕಾಶದಲ್ಲಿ ಮೋಡ ಸೇರತೊಡಗಿದವು. ಬೀದರಿಗೆ ಹೋಗಿ ಜಿಲ್ಲೆಯ ವೈದ್ಯಾಧಿಕಾರಿಗಳನ್ನು ಕಂಡೆ. ಹೈದರಾಬಾದಿನಿಂದ ಅವರಿಗೆ ಅಭಿಪ್ರಾಯ ಕೇಳಿ ಕಾಗದ ಬಂದಿತ್ತು. ಅವರು ತಲೆ ಕೆರೆದುಕೊಂಡರು. ಕುಶನೂರಿನಲ್ಲಿ ಸರ್ಕಾರಿ ಕಟ್ಟಡವಿಲ್ಲ. ಕೋಣೆ ಇಲ್ಲದೆ ನರ್ಸನ್ನು ಕಳಿಸುವಂತಿಲ್ಲ. ಕೋಣೆ ಕಟ್ಟಲು ಬೇರೆ ಮಂಜೂರಿ ಬೇಕು. ಅದು ಬರುವ ಹೊತ್ತಿಗೆ ಈ ಮಂಜೂರಿಯ ಅವಧಿ ತೀರುತ್ತದೆ.

"ಯಾರಾದರೂ ಕೋಣೆ ಬಿಟ್ಟುಕೊಟ್ಟರೆ?" ಎಂದೆ.

ಬಿಟ್ಟುಕೊಡಬಹುದು. ಗಾಳಿ ಬೆಳಕು ಇರಬೇಕು, ನೆಲಕ್ಕೆ ಕಲ್ಲು ಹಾಸಿರಬೇಕು, ಬೀದಿಯಿಂದಲೇ ಬಾಗಿಲಿರಬೇಕು. ಯಾವ ಜಾತಿಯ ಬಸುರಿ ಬಂದರೂ ಒಳಗೆ ಬರಲು ಯಾರನ್ನೂ ಕೇಳುವ ಹಾಗಿರಬಾರದು. ಹಾಗಿದ್ದರೆ ತಾತ್ಕಾಲಿಕವೆಂದು ಬರೆದು ಕಳಿಸುತ್ತೇನೆ ಎಂದರು.

ಜನವಾಡದ ಮೇಲೆ ಹಾದು, ಹೊಳೆ ದಾಟಿ, ಕುಶನೂರಿಗೆ ಹೋದೆ. ನೀರು ಇನ್ನೂ ಎತ್ತಿನ ಮೊಣಕಾಲಿಗೂ ಬರುತ್ತಿರಲಿಲ್ಲ. ಅವ್ವ ಬೇವಿನ ಗಿಡದ ಕೆಳಗೆ ಕೂತು ತೊಗರಿ ಕೇರುತ್ತಿದ್ದಳು. ನಮ್ಮ ಮನೆಯ ಪಡಸಾಲೆ ದೊಡ್ಡದು, ಅದನ್ನು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವ್ವ ಪೂರ್ತಿ ಕೇಳಿದಳು. ಎದ್ದು, ಬೀದಿಯ ಬದಿಯ ಖೋಲಿಯ ಬಾಗಿಲು ನೂಕಿದಳು. ನಾನು ಹೆತ್ತ ಖೋಲಿ. ಆಮೇಲೆ ಅದರಲ್ಲಿ ಜೋಳದ ಚೀಲ ತುಂಬಿಟ್ಟಿದ್ದರು, ಯಾರೂ ಮಲಗುತ್ತಿರಲಿಲ್ಲ.

"ಪಡಸಾಲಿ ಬ್ಯಾಡ, ಇದೇ ತಗೋ," ಎಂದಳು ಅವ್ವ. "ಕಿಡಕಿ ಅದ, ಬಾಗಲ ಬ್ಯಾರಿ ಅದ. ಇಲ್ಲಿ ಒಮ್ಮಿ ಕೂಸು ಅತ್ತಿದ್ದು ಕೇಳಿದ್ರ ನನಗೂ ನಿದ್ದಿ ಬರತದ."

ಅಣ್ಣ ಚೀಲ ಹೊರಗೆ ಹಾಕಿಸಿದ, ಶಹಾಬಾದಿ ಕಲ್ಲು ಹಾಸಿಸಿದ, ಸುಣ್ಣ ಬಳಿಸಿದ. ವೈದ್ಯಾಧಿಕಾರಿಗಳು ಬಂದು ಕಿಟಕಿ ತೆರೆದು ಮುಚ್ಚಿ ನೋಡಿ, ನೀರು ಕಾಯಿಸಲು ಹಂಡೆ ಎಲ್ಲಿಡುತ್ತೀರಿ ಎಂದು ಕೇಳಿ ಹೋದರು. ಆರ್ಡರು ಬಂತು. ತವರಿಗೆ ಒಯ್ದಳು ಎಂಬ ಆರೋಪಕ್ಕೆ ಈಗ ಗೋಡೆಯೂ ಬಂತು, ಚಾವಣಿಯೂ ಬಂತು. ಮೊದಲ ಮಳೆ ಬೀಳುವ ಮುನ್ನ ನರ್ಸುಬಾಯಿ ತಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಹೊಳೆ ದಾಟಿದರು. ಬಾಗಿಲಿಗೆ ಕಟ್ಟಿದ ರಿಬ್ಬನ್ನು ಕತ್ತರಿಸಿದವರು ಔರಾದದ ಹಿರಿಯರು. ಕ್ಷೇತ್ರ ಅವರದಲ್ಲವೇ. ಎಲ್ಲರಿಗೂ ಕಡಲೆ ಹಂಚಿದರು.

ಮಳೆ ಹಿಡಿಯಿತು. ಮಾಂಜರಾ ತುಂಬಿತು. ನೀರು ತುಂಬಿದ ದಿನಗಳಲ್ಲಿ ಆಚೆ ಈಚೆಯವರು ದಂಡೆಗೆ ಬಂದು ಕೂಗಿ ಸುದ್ದಿ ಹೇಳುವುದು ನಮ್ಮ ಕಡೆಯ ಟಪಾಲು. ಒಂದು ಮುಂಜಾನೆ ಕಾಕುವಿನ ಹೊಲದ ಆಳು ಓಡಿ ಬಂದ. ಆಚೆ ದಂಡೆಯಿಂದ ಕೂಗಿದ್ದಾರೆ, ಹುಡುಗಿಗೆ ಹೆರಿಗೆಯ ಬ್ಯಾನಿ ಶುರುವಾಗಿವೆ.

ಕಾಕು ಗಾಡಿ ಹೂಡಿಸಿದ್ದು ಗೋಡೆಯಾಚೆಯಿಂದ ಕೇಳಿಸಿತು. ಗಾಡಿ ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಕಾಕು ಒಳಗೆ ಕೂತಿದ್ದರು. ನನ್ನನ್ನು ಕರೆಯಲಿಲ್ಲ, ಗಾಡಿ ಹೊಡಿ ಎಂದು ಆಳಿಗೂ ಹೇಳಲಿಲ್ಲ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಹತ್ತಿದೆ.

ದಾರಿಯುದ್ದಕ್ಕೂ ಜಿಟಿಜಿಟಿ ಮಳೆ, ಮಂಜು, ಹದ ಬಿದ್ದ ಕಪ್ಪು ಮಣ್ಣಿನ ವಾಸನೆ. ಮೊಳೆತ ತೊಗರಿಯ ಸಾಲುಗಳು ಮಂಜಿನಿಂದ ಬಂದು ಮಂಜಿಗೇ ಹೋಗುತ್ತಿದ್ದವು. ಎತ್ತುಗಳೂ ನಿದ್ದೆಯಲ್ಲಿ ನಡೆಯುತ್ತಿವೆ ಅನ್ನಿಸಿತು. ನಾನು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದೆ. ಇದೇ ದಾರಿಯಲ್ಲಿ, ಇಂಥದೇ ಗಾಡಿಯಲ್ಲಿ ಯಜಮಾನರು ಆ ನರ್ಸನ್ನು ಕೂಡಿಸಿಕೊಂಡು ಬರುತ್ತಿದ್ದಾರೆ, ಆಚೆ ಖೋಲಿಯಲ್ಲಿ ನಾನು 'ಬಂದ್ರೇನು, ಬಂದ್ರೇನು' ಎಂದು ಕೇಳುತ್ತಿದ್ದೇನೆ. ಯಾರು ಆಚೆ, ಯಾರು ಈಚೆ ಎಂಬುದೇ ಕಲಸಿಹೋಯಿತು.

ದಂಡೆಯಲ್ಲಿ ಇಳಿದೆವು. ಕಂದು ನೀರು, ಅದರ ಮೇಲೆ ಮಂಜು, ಆಚೆ ಏನೂ ಕಾಣದು. ಕಾಕು ನೀರಿನ ಅಂಚಿನವರೆಗೆ ಹೋಗಿ ನಿಂತರು. ನಾನು ಹಿಂದೆ ನಿಂತೆ. ಬಹಳ ಹೊತ್ತಿನ ಮೇಲೆ ಮಂಜು ಹರಿದು ಆಚೆ ಒಬ್ಬ ಮನುಷ್ಯ ಕಂಡ. ಕಂಬಳಿ ಹೊದ್ದ ನನ್ನ ಅಣ್ಣ. ಏನೋ ಕೂಗಿದ, ಗಾಳಿ ಮಾತನ್ನು ಒಯ್ದಿತು.

ಕಾಕು ಎರಡೂ ಕೈ ಬಾಯಿಗೆ ಹಿಡಿದರು. ಗಂಡೋ ಹೆಣ್ಣೋ ಎಂದು ಕೇಳುತ್ತಾರೆಂದುಕೊಂಡೆ. ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಅದನ್ನೇ.

"ಇಬ್ರೂ ಅದಾರೇನೋ ಯಪ್ಪಾ?" ಎಂದು ಕೂಗಿದರು ಕಾಕು. 

ಅಣ್ಣ ಕಂಬಳಿ ಕಿತ್ತು ತಲೆಯ ಮೇಲೆ ಬೀಸಿದ. "ಇಬ್ರೂ ಅದಾರ್ರಿ! ಇಬ್ರೂ ಅದಾರ!"

ಕಾಕು ಹಸಿ ಮರಳಿನ ಮೇಲೆ ಕುಸಿದು ಕೂತರು. ನಾನೂ ಕೂತೆ. ನನಗೆ ಅಳು ಬಂತು, ಎರಡು ಮಕ್ಕಳಿಗೂ ಸೇರಿಸಿ ಅತ್ತೆ. ಕಾಕು ನನ್ನ ಕಡೆ ನೋಡದೆ ನನ್ನ ಕೈ ಹಿಡಿದುಕೊಂಡರು. ಹೆಣ್ಣು ಕೂಸು ಎಂಬುದು ಗೊತ್ತಾದದ್ದು ಆಮೇಲೆ, ಅಣ್ಣ ಮತ್ತೊಮ್ಮೆ ಕೂಗಿದಾಗ.

ಗಾಡಿ ಹತ್ತುವಾಗ ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ನಿನಗ ಮಾತ್ರ ಇನ್ನೊಮ್ಮಿ ವೋಟ ಹಾಕಲ್ಲ ನೋಡು. ಭಾಲ್ಕಿದು ಭಾಲ್ಕಿಗೇ ಇರಬೇಕಿತ್ತು."

"ಹಾಕಬ್ಯಾಡ್ರಿ ಕಾಕು," ಎಂದೆ.

ಅವರು ಆಡಿದಂತೆಯೇ ನಡೆದರು. ಮುಂದಿನ ಚುನಾವಣೆಯ ಹೊತ್ತಿಗೆ ಹೈದರಾಬಾದ ಸಂಸ್ಥಾನವೇ ಇರಲಿಲ್ಲ, ಆದರೆ ಭಾಲ್ಕಿಯವರ ಸಿಟ್ಟು ಇತ್ತು. ಸೋತೆ. ಎಣಿಕೆಯ ಸಂಜೆ ಕಾಕು ಗೋಡೆಯ ಮೇಲೆ ಪುಂಡಿಪಲ್ಯದ ಬಟ್ಟಲು ಇಟ್ಟು, "ನಾ ಹಾಕಿಲ್ಲವ್ವಾ, ಖರೇ ಹೇಳ್ತೇನಿ," ಎಂದರು. ಬಟ್ಟಲು ಬಿಸಿಯಾಗಿತ್ತು.

ಅದಾಗಿ ಕೆಲವೇ ದಿನಗಳ ಮೇಲೆ ಅವರ ಬಾಗಿಲಲ್ಲಿ ಗಾಡಿ ನಿಂತದ್ದು ಕಂಡೆ. ಸೊಸೆಗೆ ಮತ್ತೆ ದಿನ ತುಂಬುತ್ತಿದ್ದವು. ಎರಡನೆಯದು ಅತ್ತೆಮನೆಯಲ್ಲೇ ಆಗಬೇಕೆಂಬುದು ಅವರ ಮನೆಯ ರೂಢಿ. ಕಾಕುವೇ ನಿಂತು ಗಾಡಿಗೆ ಹುಲ್ಲು ಹಾಸಿಸುತ್ತಿದ್ದರು.

"ಎಲ್ಲಿಗ್ರಿ ಕಾಕು? ಎರಡನೇದು ಇಲ್ಲೇ ಅಲ್ಲೇನ್ರಿ?" ಎಂದೆ.

"ಇಲ್ಲೇನದ?" ಎಂದು ನನ್ನ ಮೇಲೇ ರೇಗಿದರು. "ನರ್ಸುಬಾಯಿ ಅಲ್ಲಿ ಅದಾಳ. ಆಕಿನ್ನ ಒಯ್ದು ಅಲ್ಲಿಟ್ಟಾಕಿ ನೀನೇ, ಮತ್ತ ನನಗೇ ಕೇಳ್ತಿ. ಸರಿ ಆಕಡಿ, ಗಾಡಿ ತಿರಗಸ್ಲಿ."

ನಾನು ಬದಿಗೆ ಸರಿದೆ. ಗಾಡಿ ಉತ್ತರಕ್ಕೆ ತಿರುಗಿತು.